ಬದು

ಖುಂಡೆಯ ಆಸ್ಪತ್ರೆಯಲ್ಲಿ ಡಾಕ್ಟರು ಕತ್ತಿ ಮುಟ್ಟಲಿಲ್ಲ.
ಅವಸರ ಬೇಡ, ಕೈಯೇ ಹೇಳುತ್ತದೆ, ಅಂದರು.
ನರ್ಸಮ್ಮ ನೀಲಿ ಪೆನ್ನಿನಲ್ಲಿ
ನಿನ್ನ ಮೂರು ಬೆರಳಿಗೂ ಗೆರೆ ಎಳೆದಳು:
ಆಚೆಗಿರುವುದು ಹೋದದ್ದು.
ಈಚೆಗಿರುವುದು, ನೋಡೋಣ.

ಶಿಖರದ ಕೆಳಗೆ ಕೈಗವಸು ಗಾಳಿಪಾಲಾದ ಕಥೆಯನ್ನು
ನೀನು ಒಂದೇ ಸಲ ಹೇಳಿದೆ, ಕುಸಾಂಗ್.
ಯಾರದೋ ಆಮ್ಲಜನಕದ ಕೊಳವೆ ಬಿಗಿಯುತ್ತಿದ್ದೆಯಂತೆ.
ಎರಡೇ ನಿಮಿಷವಂತೆ.

ಕೊಳೆಯುವುದರಲ್ಲೂ ಎರಡು ಬಗೆ, ನನಗೆ ಗೊತ್ತಿತ್ತು.
ಕುಳಿಯಲ್ಲಿಟ್ಟ ಆಲೂಗಡ್ಡೆಗಳಲ್ಲಿ
ಒಂದು ನೀರಾಗಿ ಪಕ್ಕದ ಹತ್ತನ್ನು ಕೆಡಿಸುತ್ತದೆ;
ಇನ್ನೊಂದು ತನ್ನಷ್ಟಕ್ಕೆ ತಾನು ಮುರುಟಿ
ಕಲ್ಲಾಗುತ್ತದೆ, ಯಾರ ತಂಟೆಗೂ ಹೋಗದೆ.
ಒಣಗಲಿ, ಒಣಗಲಿ ಎನ್ನುತ್ತ
ಬೆಳಬೆಳಗ್ಗೆ ಪಟ್ಟಿ ಬಿಚ್ಚಿ ಮೂಸುತ್ತಿದ್ದೆ,
ಬೆಣ್ಣೆ ಮುಗ್ಗಿದೆಯೇ ಎಂದು ನೋಡುವವಳ ಹಾಗೆ.
ನೀನು ಗೋಡೆಗೆ ಮುಖ ಮಾಡಿರುತ್ತಿದ್ದೆ.

ಬೆರಳ ತುದಿಗಳು ಕೊಳ್ಳಿಯ ಹಾಗೆ ಕಪ್ಪಾದವು,
ಲೋಟಕ್ಕೆ ತಾಗಿದರೆ ಟಕ್ ಎನ್ನುವಷ್ಟು ಗಟ್ಟಿ.
ಆದರೆ ನೀಲಿ ಗೆರೆ ತಪ್ಪಾಗಿತ್ತು!
ಅದರಾಚೆ ಒಂದು ಅಕ್ಕಿಕಾಳಿನಷ್ಟು ಗುಲಾಬಿ.
ಮುಂದಿನ ವಾರ ಇನ್ನೊಂದು ಕಾಳು.
ಅಣ್ಣತಮ್ಮಂದಿರ ಹೊಲದಲ್ಲಿ ರಾತ್ರೋರಾತ್ರಿ
ಬದು ಸರಿಸುವವರಿರುತ್ತಾರಲ್ಲ,
ಹಾಗೆ, ಸದ್ದಿಲ್ಲದೆ,
ಜೀವ ನೆಲ ಒತ್ತುತ್ತಿತ್ತು.
ನರ್ಸಮ್ಮ ಹಳೆಯ ಗೆರೆಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ
ಹೊಸದು ಎಳೆದಳು, ನಾಲ್ಕು ಸಲ.

ಆಮೇಲೆ ಒಂದು ಕಡೆ ನಿಂತಿತು.
ಅಲ್ಲಿ ಬೆರಳ ಸುತ್ತ ಸಣ್ಣದೊಂದು ಹಳ್ಳ ಬಿತ್ತು.
ಹೊರಗಿನಿಂದ ಯಾರೂ ತೋಡಿದ್ದಲ್ಲ.
ನಿನ್ನದೇ ರಕ್ತದ ಕಾಣದ ಬಾಯಿಗಳು
ಸತ್ತ ಮಾಂಸವನ್ನು ಎಳೆ ಎಳೆಯಾಗಿ ಬಿಡಿಸಿ
ತಿಂದು, ಕರಗಿಸಿ,
ಬಿಟ್ಟುಕೊಡಬೇಕಾದ್ದನ್ನು ಬಿಟ್ಟುಕೊಡುತ್ತಿದ್ದವು.
ನೀನು ನಿದ್ದೆಯಲ್ಲಿದ್ದಾಗಲೂ ದುಡಿದವು.

ಆಲೂಗಡ್ಡೆ ಅಗೆಯುವ ವಾರ
ಕಂಬಳಿ ಕೊಡವಿದೆ, ಕಿರುಬೆರಳ ತುದಿ ಉದುರಿತು.
ರಕ್ತವಿಲ್ಲ. ಉಗುರು ಹಾಗೇ ಇತ್ತು,
ಅಂಚಿನಲ್ಲಿ ಮೇ ತಿಂಗಳ ಕೊಳೆ.
ಲಾಮಾರನ್ನು ಕೇಳಿದೆ, ಇದಕ್ಕೇನು ವಿಧಿ?
ಇಡೀ ಮನುಷ್ಯನಿಗಿದೆ, ಚೂರಿಗಿಲ್ಲ,
ಎಂದವರು ಬಹಳ ಹೊತ್ತು ಚಹಾ ಕಲಕಿದರು.
ಬೆಂಕಿಪೊಟ್ಟಣದಲ್ಲಿಟ್ಟು ತೊಲೆಯ ಸಂದಿಗೆ ಸಿಕ್ಕಿಸಿದ್ದೇನೆ.
ನೀನು ಕೇಳಲಿಲ್ಲ.

ನಿನ್ನೆ ಎಡಗೈಯಲ್ಲಿ ಬುಟ್ಟಿ ಹಿಡಿದು ಹೊಲಕ್ಕೆ ಬಂದೆ.
ಮೋಟು ಬೆರಳಿನ ಹೊಸ ಚರ್ಮ
ತಣ್ಣನೆಯ ಮಣ್ಣಿಗೆ ತಾಕಿ, ಸ್ಸ್ ಅಂದೆ.
ನಾನು ಗುದ್ದಲಿ ಇಳಿಸಿದೆ.
ಇನ್ನೊಮ್ಮೆ ಮುಟ್ಟು, ನೋಡೋಣ.