ತಿದ್ದುಪಡಿ ಕೋರಿ

ದುರ್ಗದ ಕೋರ್ಟಿನ ಎದುರು, ಬೇವಿನ ಕೆಳಗೆ
ಹಾಲೇಶಿಯ ಟೈಪ್ ಮಿಷನ್ನು. ಅದಕ್ಕೂ ಹತ್ತಿರಹತ್ತಿರ ನನ್ನದೇ ವಯಸ್ಸು,
'ಓ' ಒತ್ತಿದರೆ ಕಾಗದ ತೂತಾಗುತ್ತದೆ.
ನಾನು ಕನ್ನಡದಲ್ಲಿ ಹೇಳುವುದು,
ಅವನು ಇಂಗ್ಲಿಷಿನಲ್ಲಿ ಬಡಿಯುವುದು.
ಸೇನಾ ದಾಖಲೆ ಕಚೇರಿಯ ಮಾನ್ಯ ಅಧಿಕಾರಿಗಳಿಗೆ,
ಎಂದು ಬಡಿದು ಕೈ ನಿಲ್ಲಿಸಿದ.
"ವಿಷಯ ಹೇಳಿ ಯಜಮಾನ್ರೆ."

ವಿಷಯ: ಹೆಸರು.

ನನಗಿಂತ ಮುಂಚೆ ಮೂರು ಹುಟ್ಟಿ ಮೂರೂ ನಿಲ್ಲಲಿಲ್ಲ.
ನಾನು ಬಿದ್ದ ದಿನ ಮೊರದಲ್ಲಿ ಮಲಗಿಸಿ
ಅವ್ವ ತಿಪ್ಪೆಯ ಮೇಲೆ ಇಡಿಸಿದಳಂತೆ.
ಪಕ್ಕದ ಮನೆಯ ಕೆಂಚವ್ವ ಎತ್ತಿಕೊಂಡು
"ಯಾರದಮ್ಮ ಈ ಕೂಸು?" ಅಂದಳಂತೆ.
"ನಂದಲ್ಲ. ಕೊಡೋದಾದ್ರೆ ಕೊಳ್ತೀನಿ."
ಒಂದು ಸೇರು ತೌಡು, ತಲೆ ತಟ್ಟಿ ಅಳೆದು ಕೊಟ್ಟಳಂತೆ.
ಸಾವು ಕಸಕ್ಕೆ ಕೈ ಹಾಕುವುದಿಲ್ಲ ಎಂಬ ಲೆಕ್ಕ.
ಹಟ್ಟಿಯ ಸ್ವಾಮಿಯ ಹೆಸರೂ ಆಯಿತು, ತಿಪ್ಪೆಯ ಋಣವೂ ಸಂದಿತು:
ತಿಪ್ಪೇರುದ್ರಪ್ಪ.

(ಇದನ್ನು ಬಡಿಯಬೇಡ ಹಾಲೇಶಿ, ಸುಮ್ಮನೆ ಹೇಳಿದೆ.)

ಭರ್ತಿಯ ದಿನ ಮೇಜಿನ ಹಿಂದೆ ಮೀರತ್ ಕಡೆಯ ಗುಮಾಸ್ತ.
ಫಾರಮ್ಮಿನಲ್ಲಿ ಎರಡು ಮನೆ: ಹೆಸರು, ಮನೆತನ.
ನನ್ನದೋ ಒಂದೇ ಉಸಿರಿನ ಹೆಸರು.
ಅವನು ನಡುವೆ ಪೆನ್ನು ಇಳಿಸಿದ,
'ರು'ವಿನ ಕೊಂಬು ಮುರಿದು ಆಚೆ ಮನೆಗೆ ಎಸೆದ:
ಟಿಪ್ಪರ್. ಉದ್ರಪ್ಪ.
ಅರ್ಧ ಲಾರಿ, ಅರ್ಧ ಸಾಲ.
ಹತ್ತೊಂಬತ್ತು ವರ್ಷ ನನ್ನ ಕೈಗೆ ಅವರು ಕೊಟ್ಟದ್ದೂ ಲಾರಿಯನ್ನೇ.
ರಜೆಗೆ ಬಂದರೆ ಚಳ್ಳಕೆರೆಯ ಅಂಗಡಿಯವನು
ಗುರುತಿನ ಚೀಟಿ ನೋಡಿ, ತಲೆಯ ಮೇಲಿನ ಬೋರ್ಡು ತೋರಿಸಿ
ಕೆಮ್ಮು ಬರುವ ತನಕ ನಗುತ್ತಿದ್ದ:
ಉದ್ರಿ ಇಲ್ಲ.

ಈಗ ತೊಡಕು ಬೋರಕ್ಕನದು.
ಆಧಾರಿನಲ್ಲಿ ಅವಳು ತಿಪ್ಪೇರುದ್ರಪ್ಪನ ಹೆಂಡತಿ,
ಸೇನೆಯ ಪುಸ್ತಕದಲ್ಲಿ ಉದ್ರಪ್ಪನ ಹೆಂಡತಿ.
ನಾಳೆ ನಾನು ಹೋದರೆ
ಇಬ್ಬರು ಗಂಡಂದಿರಲ್ಲಿ ಒಬ್ಬನ ಪಿಂಚಣಿಯೂ ಬರುವುದಿಲ್ಲವಂತೆ.
ಬ್ಯಾಂಕಿನ ಹುಡುಗಿ ಕೇಳಿದಳು, "ಗಂಡನ ಹೆಸರೇನಮ್ಮ?"
ಮದುವೆಯಾದಾಗಿನಿಂದ ನನ್ನ ಹೆಸರು ಬಾಯಿಗೆ ತರದವಳು
ಸಾಲಿನವರೆಲ್ಲ ತಿರುಗಿ ನೋಡುವಂತೆ "ಉದ್ರಪ್ಪ!" ಅಂದಳು.
ಮೆಟ್ಟಿಲಿಳಿಯುತ್ತ ಸೆರಗು ಬಾಯಿಗಿಟ್ಟುಕೊಂಡು ಹೇಳಿದಳು:
"ಅದೇನು ನಿಮ್ಮ ಹೆಸರಾ? ಹೇಳಬಹುದು."

ಹಾಲೇಶಿ ಬಡಿದದ್ದನ್ನು ನನಗೆ ತಿಳಿಯುವಂತೆ ಓದಿದ:
"...ಸದರಿ ತಪ್ಪು ಹೆಸರನ್ನು ಅಳಿಸಿ ಹಾಕಿ..."

ತಡಿ.
ಅಳಿಸಿ ಅನ್ನಬೇಡ.

ಜೋಜಿಲಾದ ತಿರುವಿನಲ್ಲಿ ಮುಂದಿನ ಗಾಡಿ ಪೂರನ್ ನೇಗಿಯದು.
ರಸ್ತೆ ಕಿತ್ತುಕೊಂಡು ಹೊರಟಿತು.
ಬಾಗಿಲಿನಿಂದ ಅರ್ಧ ಹೊರಗೆ ವಾಲಿ, ನನ್ನ ಕಡೆ ತಿರುಗಿ
ಅವನು ಕೂಗಿದ್ದು ಒಂದೇ ಸಲ: "ಉದ್ರಪ್ಪಾ!"
ಬ್ರೇಕು ತುಳಿದೆ.
ಆಮೇಲೆ ನನ್ನ ಮುಂದೆ ಗಾಡಿ ಇರಲಿಲ್ಲ,
ಹಿಟ್ಟಿನ ಗಿರಣಿಯ ಬಾಗಿಲು ತೆರೆದ ಹಾಗೆ ಬರೀ ಬಿಳಿ.
ನನ್ನ ಪೂರ್ತಿ ಹೆಸರು ಹೇಳುವಷ್ಟು ಹೊತ್ತು
ನೇಗಿಯ ಬಳಿ ಇರಲಿಲ್ಲ.

ಅವ್ವ ಕೊಂಡದ್ದು ತೌಡಿಗೆ, ಅವತ್ತಿಗೆ ಅದು ಚುಕ್ತಾ.
ಆ ತಿರುವಿನಿಂದ ಈಚೆಗೆ ಬದುಕಿದ್ದು ಉದ್ರಿ.
ಹುಟ್ಟಿದ ಹೆಸರಿಗಿಂತ ಸರಿಯಾಗಿ ಬರೆದಿದ್ದಾನಲ್ಲ
ಆ ಮೀರತ್ತಿನವನು, ನನ್ನ ಮುಖ ಕೂಡ ನೋಡದೆ.

ಹೀಗೆ ಹಾಕು ಹಾಲೇಶಿ:
ತಿದ್ದಿ, ಸ್ವಾಮಿ. ಆದರೆ ಬಿಳಿ ಬಣ್ಣ ಬಳಿಯಬೇಡಿ.
ಒಂದು ಗೆರೆ ಎಳೆದರೆ ಸಾಕು,
ಅಡಿಯಲ್ಲಿರುವುದು ಓದಲು ಬರುವಷ್ಟು ತೆಳ್ಳಗೆ.

"ಹಿಂಗೆಲ್ಲ ಬರೆದ್ರೆ ವಾಪಸ್ ಕಳಿಸ್ತಾರೆ," ಅಂದು
ತನಗೆ ರೂಢಿಯಾದದ್ದನ್ನೇ ಬಡಿದ:
ಮೇಲ್ಕಂಡ ಇಬ್ಬರೂ ಒಬ್ಬನೇ ವ್ಯಕ್ತಿಯೆಂದು
ಪ್ರಮಾಣ ಮಾಡಿ ಹೇಳುತ್ತೇನೆ.

ಜೋಗಿಮಟ್ಟಿಯ ಕಡೆ ಗಾಳಿಯಂತ್ರಗಳು ತಿರುಗುತ್ತಿದ್ದವು, ಒಂದು ನಿಂತಿತ್ತು.
ಸಹಿ ಮಾಡಿದೆ. ಕೈ ತನ್ನ ಪಾಡಿಗೆ ಓಡಿತು.
ಹಾಲೇಶಿ ಹಾಳೆ ಎತ್ತಿ ನೋಡಿದ,
ನನ್ನ ಮುಖ ನೋಡಿದ,
ಹೊಸ ಛಾಪಾ ಕಾಗದಕ್ಕೆ ಕೈ ಚಾಚಿದ.
"ಇನ್ನೊಂದಕ್ಕೆ ಬೇರೆ ಆಗ್ತದೆ ಯಜಮಾನ್ರೆ.
ನಗದು."