ಹನ್ನೊಂದು ಲೀಟರ್

ನಮ್ಮ ದ್ವೀಪದ ಹೆಸರು ಸಾಲ್.
ಸಾಲ್ ಅಂದರೆ ಉಪ್ಪು, ಅಷ್ಟೇ.
ಮರವಿಲ್ಲ, ಹೊಳೆಯಿಲ್ಲ, ಮರೆಯೆಂಬುದೇ ಇಲ್ಲ.
ಸಹಾರಾದಿಂದ ಹೊರಟ ಗಾಳಿಗೆ
ಕಡಲ ನಡುವೆ ಸಿಕ್ಕ ಹೊಸ್ತಿಲು ನಾವು;
ಕಾಲೊರೆಸಿಕೊಂಡೇ ಒಳಬರುತ್ತದೆ.
ತಟ್ಟೆಯಲ್ಲಿ, ರೆಪ್ಪೆಯಲ್ಲಿ, ಹಾಸಿಗೆಯ ಮಡಿಕೆಯಲ್ಲಿ
ಕೆಂಪು ಪುಡಿ.

ನಾನು ಹುಟ್ಟಿದ್ದು ಸಾಂತಾ ಮರಿಯಾದ ಮರದ ಜೆಟ್ಟಿಯ ಹಿಂದೆ.
ಗಾಳಿ ಎದ್ದ ದಿನ ಅಪ್ಪ ದೋಣಿ ಮಗುಚಿಟ್ಟು
ಊರಿಲ್ ಮಣೆಯ ಗುಳಿಗಳಿಗೆ ಬೀಜ ಹಂಚುತ್ತ ಕೂರುತ್ತಿದ್ದ.
ಮೀನಿಲ್ಲದ ಕಚೂಪಾ. ಮರುದಿನ
ಅದನ್ನೇ ಹುರಿದ ಕಚೂಪಾ. ಆಮೇಲೆ ಅದೂ ಇಲ್ಲ.
ನನಗಾಗ ಹನ್ನೆರಡು. ಇಟಲಿಯವನೊಬ್ಬ ಬಿಟ್ಟುಹೋದ
ಹರಕು ಹಾಯಿಗೆ ಹಿಟ್ಟಿನ ಚೀಲದ ತೇಪೆ ಹಾಕಿ
ನೀರಿಗಿಳಿದೆ.
ಗಾಳಿ ಬಂದು ತೋಳಿಗೆ ಜಗ್ಗಿದಾಗ
ಮನೆಯ ಒಲೆ ತಣ್ಣಗಿದೆಯೆಂಬುದು
ನೆನಪಿಗೇ ಬರಲಿಲ್ಲ ಅಂದರೆ
ನೀವು ಬೈಯಬಹುದು. ಅಪ್ಪ ಬೈಯಲಿಲ್ಲ.

ಪೊಂತಾ ಪ್ರೇತಾ. ಕಪ್ಪು ಬಂಡೆಯ ಮೂತಿ.
ನಮ್ಮ ಮಾತಿನಲ್ಲಿ ಪ್ರೇತಾ ಅಂದರೆ ಬರೀ ಕಪ್ಪು,
ಹೆದರಬೇಕಾದದ್ದು ಹೆಸರಿಗಲ್ಲ.
ಅಲ್ಲಿ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ,
ಎದ್ದ ತೆರೆಯ ತಲೆಗೂದಲನ್ನು ಹಿಂದಕ್ಕೆ ಬಾಚಿ
ಇನ್ನೊಂದು ಉಸಿರಿನಷ್ಟು ಹೊತ್ತು
ಬೀಳದಂತೆ ನಿಲ್ಲಿಸುತ್ತದೆ.
ಆ ಒಂದು ಉಸಿರಿಗಾಗಿ
ಎಷ್ಟು ನಸುಕು, ಎಷ್ಟು ಪಿಕಪ್ಪುಗಳ ಹಿಂಬದಿ,
ಕಿಟಕಿಗೆ ಕಟ್ಟಿದ ಪ್ಲಾಸ್ಟಿಕ್ ಚೀಲ
ಪಟಪಟ ಅನ್ನುತ್ತಿದೆಯಾ ಎಂದು
ಕಿವಿಗೊಟ್ಟು ಮಲಗಿದ ಎಷ್ಟು ರಾತ್ರಿ!

ಆ ಬುಧವಾರ, ಸಾಲಿನಲ್ಲಿ ಮೂರನೆಯದು ದೊಡ್ಡದು.
ಚರ್ಚಿನ ಗೋಡೆಯೆತ್ತರ, ಹಸಿರು ಗಾಜು;
ಅದರೊಳಗೆ ಒಂದು ಆಮೆ, ಅವಸರವಿಲ್ಲದೆ,
ಓರೆಯಾಗಿ ಹಾದುಹೋದದ್ದು ಕಂಡೆ.
ಇಳಿದೆ. ಹಲಗೆ ಕೂಗಿತು. ಬುಡದಲ್ಲಿ ತಿರುಗಿ
ಹಾಯಿಯನ್ನು ನೀರಿಗೆ ಒರಗಿಸಿ
ಮತ್ತೆ ಮೇಲಕ್ಕೆ,
ಮೇಲಕ್ಕೆ,
ಕೂವೆ ಮುರಿದ ಸದ್ದು ಕೇಳಲಿಲ್ಲ,
ಕೈಯಲ್ಲಿ ಭಾರವಿಲ್ಲವೆಂದಷ್ಟೇ ತಿಳಿಯಿತು.
ಉಪ್ಪು ತಿಂದವನು ನೀರು ಕುಡಿಯಲೇಬೇಕು.
ಕುಡಿದೆ. ಬೇಕಾದಷ್ಟು.

ಮೇಲೆ ಬಂದಾಗ ದಡ ಹೊರಟುಹೋಗುತ್ತಿತ್ತು,
ಜಗಳವಾಡಿ ಊಟ ಬಿಟ್ಟೆದ್ದ ನೆಂಟರ ಹಾಗೆ
ತಿರುಗಿಯೂ ನೋಡದೆ.
ಮುಂದಿನ ನಿಲ್ದಾಣ ಬ್ರೆಜಿಲ್ ಅಂತ ನಾವೇ ನಗಾಡುವುದುಂಟು.
ಹಲಗೆಯ ಮೇಲೆ ಕವುಚಿ ಮಲಗಿ
ಹೋಟೆಲುಗಳ ದೀಪ ಒಂದೊಂದೇ ಹೊತ್ತಿಕೊಳ್ಳುವುದನ್ನು
ನಲವತ್ತೊಂದರವರೆಗೆ ಎಣಿಸಿದೆ.

ಮೊದಲು ಬಂದದ್ದು ಪೆಟ್ರೋಲಿನ ವಾಸನೆ, ಆಮೇಲೆ ದೋಣಿ.
ದೋಣಿಯಲ್ಲಿ ಕಿರಿನೋ ಮುದುಕ. ಬಲೆಯಿಲ್ಲ, ಗಾಳವಿಲ್ಲ.
ಯಾರೂ ಇಳಿಯದ ಕಡಲಿಗೆ
ನನ್ನೊಬ್ಬನಿಗಾಗಿ ಇಳಿದಿದ್ದ.
ಟ್ಯೂನಾ ಎಳೆಯುವ ಹಾಗೆ ಒಳಗೆಳೆದುಕೊಂಡ,
ತಲೆಗೊಂದು ಬಡಿಗೆಯೇಟು ಬಾಕಿ ಅನ್ನುವ ಮುಖದಲ್ಲಿ.
ಜೆಟ್ಟಿ ಮುಟ್ಟುವವರೆಗೂ ಮಾತಿಲ್ಲ. ಹಗ್ಗ ಬಿಗಿಯುತ್ತ ಅಂದ:
"ನೀನು ಬೇಡಿಕೊಳ್ಳುವ ಗಾಳಿಗೇ
ನನ್ನ ಹೆಂಡತಿ ನಲವತ್ತು ವರ್ಷದಿಂದ ಶಾಪ ಹಾಕುತ್ತಾಳೆ.
ಇಬ್ಬರೂ ಮೊಣಕಾಲೂರುವುದು ಒಂದೇ ಚರ್ಚಿನಲ್ಲಿ.
ದೇವರು ಏನು ಮಾಡಬೇಕು, ಪಾಪ?
ಹನ್ನೊಂದು ಲೀಟರ್ ಖರ್ಚಾಗಿದೆ."

ಮರುದಿನ ಗಾಳಿ ಸತ್ತಿತ್ತು. ಕಡಲು ಎಣ್ಣೆ.
ಡಬ್ಬ ಹೊತ್ತು ಜೆಟ್ಟಿಗೆ ಹೋದೆ. ದೋಣಿಗಳೆಲ್ಲ ಹೊರಗೆ.
ಹೆಂಗಸರು ಖಾಲಿ ಬೋಗುಣಿಗಳ ಮೇಲೆ ಕೂತು
ಯಾರದೋ ಮದುವೆ ಮುರಿಯುತ್ತಿದ್ದರು.
ಮಧ್ಯಾಹ್ನ ಬಂದ ಕಿರಿನೋ
ಡಬ್ಬ ಎತ್ತಿ, ಕೈಯಲ್ಲೇ ತೂಗಿ,
"ಹತ್ತೂವರೆ" ಅಂದ.
ಅರ್ಧ ಲೀಟರು ಸಾಲ ಉಳಿಯಿತು.
ಚೂರಿ ಚಾಚಿದ. ಕೂತೆ. ಗರೋಪಾದ ಚಿಪ್ಪು ಹೆರೆಯತೊಡಗಿದೆ,
ಅಪ್ಪ ಹೆರೆಯುತ್ತಿದ್ದ ಹಾಗೆ, ಬಾಲದಿಂದ ತಲೆಗೆ.

ಮೂರನೇ ಮೀನಿನ ಹೊತ್ತಿಗೆ
ಎಡಗಿವಿಯ ಹಿಂದೆ ಒಂದು ಕೂದಲು ಅಲುಗಿತು.
ನಾನು ತಲೆಯೆತ್ತಲಿಲ್ಲ.
ಮುದುಕ ನನ್ನನ್ನೇ ನೋಡುತ್ತಿದ್ದ.