ವಿಷಯ: ನೆರಳಿನ ಬಗ್ಗೆ

ಶಾರ್ಜಾದ ರೋಲಾ, ಹಿಂದಿನ ಗಲ್ಲಿ, ನನ್ನ ಟೈಪಿಂಗ್ ಸೆಂಟರು.
ವೀಸಾ, ಬಾಡಿಗೆ ಕರಾರು, ಹೆಸರಿನ ಕಾಗುಣಿತದ ತಿದ್ದುಪಡಿ.
ಇಪ್ಪತ್ತೆರಡು ವರ್ಷದಿಂದ ಬೇರೆಯವರ ಸಂಕಟವನ್ನು
ಬಲದಿಂದ ಎಡಕ್ಕೆ ಸಾಲು ಹೊಂದಿಸುವುದು ನನ್ನ ಕಸುಬು.

ಆಗಸ್ಟಿನ ಒಂದು ಮಧ್ಯಾಹ್ನ ಮೂವರು ಒಳಬಂದರು.
ಬಂದದ್ದು ಅರ್ಜಿಗೋ ಏಸಿಗೋ, ನಾನು ಕೇಳಲಿಲ್ಲ.
ಹೆಲ್ಮೆಟ್ ತೆಗೆದರೆ ತಲೆಯಿಂದ ತೊಟ್ಟಿಕ್ಕಿತು ಬೆವರು
ಟೇಬಲ್ ಗಾಜಿನ ಮೇಲೆ, ಅದರಡಿಯ ದರಪಟ್ಟಿಯ ಮೇಲೆ.
ಒಬ್ಬ ನೇಪಾಳದ ಖಡಾನಂದ, ಒಬ್ಬ ಪೇಶಾವರದ ಗುಲ್‌ಜರೀನ್,
ಇನ್ನೊಬ್ಬ ಗೋಡೆಯ ಕ್ಯಾಲೆಂಡರಿನಲ್ಲಿ ಕನ್ನಡ ಕಂಡು ನಕ್ಕ:
"ಕುಷ್ಟಗಿ ಕಡೆಯಾಂವ್ರೀ ಸರ, ಯಮನೂರಪ್ಪ.
ಹೆಸರಿನ್ಯಾಗ ಯಮನ ಊರೈತಿ, ಖರೆ,
ಅಲ್ಲಿಗೆ ಡೆಲಿವರಿ ಒಯ್ಯಾಕ ಅವಸರಿಲ್ಲ. ಬರೀರಿ."

ಬರೆದೆ. ಮಾನ್ಯ ಇಲಾಖೆಗೆ, ಗೌರವಪೂರ್ವಕವಾಗಿ.
ಹೆಲ್ಮೆಟ್ಟು, ಕೈಗವಸು, ಹೊಳೆಯುವ ಪಟ್ಟಿಯ ಜಾಕೆಟ್ಟು
ಎಲ್ಲ ಒಪ್ಪಿಗೆ. ವೇಗದ ಲೇನಿಗೆ ಹೋಗಬಾರದೆಂಬುದೂ ಒಪ್ಪಿಗೆ.
"ಕಾನೂನು ನಮ್ಮ ಜೀವಾ ಉಳಸಾಕ ಮಾಡ್ಯಾರ, ಗೊತ್ತೈತಿ.
ಈ ಫೋನಿನ್ಯಾಗಿನ ಗಡಿಯಾರಕ್ಕ ಯಾವ ಕಾನೂನೈತ್ರಿ?"
ಹಸಿರು ಅಂಕಿ ಕೆಂಪಾಗುವುದನ್ನು ತೋರಿಸಿದ.
ಸಿಗ್ನಲ್ಲಿನ ಕೆಂಪು ನಿಲ್ಲು ಅನ್ನುತ್ತದೆ,
ಕೈಯೊಳಗಿನ ಕೆಂಪು ಓಡು ಅನ್ನುತ್ತದೆ.
ಎರಡಕ್ಕೂ ದಂಡ ಒಂದೇ ಪಗಾರದಿಂದ.

ಗುಲ್‌ಜರೀನ್ ಎರಡೂ ಕೈ ಚಾಚಿ ಪೆಟ್ಟಿಗೆಯ ಅಗಲ ತೋರಿಸಿದ.
ಧೂಳುಗಾಳಿ ಎದ್ದಾಗ ಅದು ಹಾಯಿ ಆಗುತ್ತದಂತೆ,
ಪಕ್ಕದಲ್ಲಿ ಟ್ರೇಲರ್ ಹಾದರೆ ಒಮ್ಮೆ ಒಳಗೆ ಎಳೆದು
ಆಮೇಲೆ ಹೊರಗೆ ದಬ್ಬುತ್ತದಂತೆ.
ಖಡಾನಂದನದು ಒಂದೇ ಮಾತು: ನೆರಳು.
ಹೋಟೆಲಿನ ಹಿಂಬಾಗಿಲಲ್ಲಿ ಆರ್ಡರಿಗೆ ಕಾಯುವಾಗ
ಸೀಟಿನ ಮೇಲೆ ಕೂರಲಾಗದು, ಹಪ್ಪಳ ಸುಡಬಹುದು.

ಅರಬ್ಬಿಯಲ್ಲಿ ನೆರಳಿಗೆ ಎರಡೇ ಅಕ್ಷರ,
ಮೊದಲನೆಯದರ ನೆತ್ತಿಯ ಮೇಲೊಂದು ಚುಕ್ಕಿ.
ಚುಕ್ಕಿ ಬಿಟ್ಟರೆ ಅರ್ಥ ಇಬ್ಬನಿ.
ನನ್ನ ಹಳೆಯ ಪ್ರಿಂಟರು ಅದನ್ನೇ ನುಂಗಿತ್ತು:
ಪ್ರತಿ ಹೋಟೆಲಿನ ಹಿಂದೆ ದಯಮಾಡಿ
ಹತ್ತು ಜನಕ್ಕೆ ಸಾಕಾಗುವಷ್ಟು ಇಬ್ಬನಿ ಒದಗಿಸಿಕೊಡಬೇಕು.
ಪೆನ್ನಿನಿಂದ ಚುಕ್ಕಿ ಇಟ್ಟೆ.
ಇಡುವಾಗ ಕೈ ಒಂದು ಕ್ಷಣ ಹಿಂದೆಮುಂದೆ ನೋಡಿತು.

ನಿನ್ನೆ ರಾತ್ರಿ ನನ್ನ ಮನೆಗೆ ಮೀನೂಟ ಹನ್ನೊಂದು ನಿಮಿಷ ತಡ.
ಸಾರು ಚೆಲ್ಲಿತ್ತು. ಫೋನಿನಲ್ಲಿ ಒಂದೇ ನಕ್ಷತ್ರ ಒತ್ತಿದ್ದೆ,
ತಂದವನ ಮುಖ ನೋಡಿದ ನೆನಪಿಲ್ಲ.
ಇದು ಅರ್ಜಿಯ ಯಾವ ಕಾಲಮ್ಮಿಗೂ ಬರುವುದಿಲ್ಲ.

ಮೂವರ ರುಜು ಒಂದೇ ಹಾಳೆಯಲ್ಲಿ ಬೇಡ ಎಂದೆ,
ಗುಂಪು ಕಟ್ಟಿದಂತೆ ಕಾಣುತ್ತದೆ; ಬೇರೆ ಬೇರೆ ಕೊಡಿ,
ಒಕ್ಕಣೆ ಅದೇ ಇರಲಿ.
ಫೀಸು ಮಾತ್ರ ಒಂದರದು ತೆಗೆದುಕೊಂಡೆ, ಹದಿನೈದು ದಿರ್‌ಹಮ್.
ಪುಣ್ಯಕ್ಕಲ್ಲ, ಉಳಿದಿಬ್ಬರ ಬಳಿ ಚಿಲ್ಲರೆ ಇರಲಿಲ್ಲ.
ಕೊಟ್ಟವ ಯಮನೂರಪ್ಪ.

ಫೋನು ಗುರುಗುಟ್ಟಿತು. ಮೂವರೂ ಎದ್ದರು.
ಬಾಗಿಲಾಚೆ ಗಲ್ಲದ ಪಟ್ಟಿಯ ಕೊಂಡಿ ಕೂರುವ ಸದ್ದು:
ಟಕ್. ಟಕ್.
ಮೂರನೆಯದಕ್ಕೆ ಕಾದೆ. ಬರಲಿಲ್ಲ.

ಹೊರಗೆ ಹೋದರೆ ಯಮನೂರಪ್ಪ
ಮುರಿದ ಕೊಂಡಿಗೆ ಶೂ ದಾರದ ಗಂಟು ಹಾಕುತ್ತಿದ್ದ.
ಬಿದ್ದರೆ ನಿನಗಿಂತ ಮೊದಲು ಹೆಲ್ಮೆಟ್ಟು ಓಡಿಹೋಗುತ್ತದೆ ಮಾರಾಯ, ಎಂದೆ.
"ಪಗಾರ ಆಗ್ಲಿ ತಡೀರಿ ಸರ."
ಅವನ ಅಂಗೈಯಲ್ಲಿ ಹಸಿರು ಕೆಂಪಾಗುತ್ತಿತ್ತು.

ಎದುರಿನ ಬಿಡಿಭಾಗದ ಅಂಗಡಿಯಲ್ಲಿ ಹೊಸ ಕೊಂಡಿಗೆ ಏಳು ದಿರ್‌ಹಮ್,
ಬಾಗಿಲಿಗೇ ತೂಗುಹಾಕಿದ್ದಾರೆ, ದಿನವೂ ನೋಡುತ್ತೇನೆ.
ಅವನ ಹದಿನೈದು ಇನ್ನೂ ನನ್ನ ಮುಷ್ಟಿಯಲ್ಲೇ ಇತ್ತು.
ಕೂಗಿದೆ.
ಹೆಲ್ಮೆಟ್ಟಿನೊಳಗೆ ಯಾರಿಗೆ ಕೇಳುತ್ತದೆ.